ಪದವಿಯೂ ಪರಿಹಾಸವೂ

ಗಣಕವನ್ನು ನಡೆಸುವ ಲಿನಕ್ಸ್ ಕರ್ನಲ್ ಸಾವಿರಾರು ಜನರು ಕೂಡಿ ಬರೆದ ಕೃತಿ. ಯಾವ ಭಾಗಕ್ಕೆ ಯಾರು ಹೊಣೆ ಎಂದು ತಿಳಿಸುವ ಪಟ್ಟಿಯೊಂದು ಅದರೊಳಗೇ ಇದೆ. ಒಂದೊಂದು ಭಾಗದ ಎದುರಿಗೂ ಅದರ ಸ್ಥಿತಿ: ಇದಕ್ಕೆ ಪಾಲಕರುಂಟು, ಇದು ಅನಾಥ, ಇದು ಹಳತಾಯಿತು. ಕಟ್ಟಕಡೆಯ ಬಾಬು ‘ಉಳಿದದ್ದೆಲ್ಲ’. ಅದರ ಹೊಣೆ 1991ರಲ್ಲಿ ಈ ಕೆಲಸಕ್ಕೆ ಕೈಹಾಕಿದ ಲೀನಸ್ ಟೋರ್ವಾಲ್ಡ್ಸ್ ಅವರದು. ಸ್ಥಿತಿ? ವರದಿಗಾರರ ನಡುವೆ ಜೀವಂತ ಸಮಾಧಿ!

ಯಜಮಾನನ ಎಲೆಯನ್ನು ಪಂಕ್ತಿಯ ಕೊನೆಗೆ ಹಾಕಿ ಅವನನ್ನೇ ನಗೆಗೆ ಈಡುಮಾಡುವ ಈ ವಿನೋದ ಮೆಚ್ಚತಕ್ಕದ್ದು. ಅಂಕಿಗಳಿಗೆ ಆ ಗುಣವಿಲ್ಲ. ಒಂದೊಂದು ಆವೃತ್ತಿಗೂ ಯಾರು ಎಷ್ಟು ತಿದ್ದುಪಡಿ ಕೊಟ್ಟರೆಂದು ಎಣಿಸುವವರುಂಟು. ಆ ಎಣಿಕೆಯಲ್ಲಿ ಕಾಗುಣಿತ ತಿದ್ದಿದ್ದೂ ಒಂದು, ತಿಂಗಳುಗಟ್ಟಲೆ ಹೆಣಗಿ ದೋಷ ಹಿಡಿದದ್ದೂ ಒಂದು.

ಆದರೆ ನಗೆಗೂ ದಿಕ್ಕುಂಟು. ಕೆಳಗಿನಿಂದ ಮೇಲಕ್ಕೆ ಏರಿದರೆ ಪರಿಹಾಸ. ಮೇಲಿನಿಂದ ಕಿರಿಯರ ಮೇಲೆ ಬಿದ್ದರೆ ಅದೇ ಪೆಟ್ಟು. ತಮ್ಮ ಬಿರುನುಡಿಗಾಗಿ ಟೋರ್ವಾಲ್ಡ್ಸ್ ಅವರೇ 2018ರಲ್ಲಿ ಕ್ಷಮೆ ಕೇಳಿ ಕೆಲವು ವಾರ ದೂರ ಸರಿದರು. ಆಗಲೇ ನಡವಳಿಕೆಯ ನಿಯಮಾವಳಿಯೂ ಬಂದಿತು. ಇದರಿಂದ ನಗೆ ಸಾಯುವುದೆಂದು ಅಂಜುವವರು ಆ ಪಟ್ಟಿಯ ಕೊನೆಯ ಬಾಬನ್ನು ಓದಲಿ. ಯಜಮಾನನನ್ನು ಕಂಡು ನಗುವ ಮಾತಿಗೆ ಯಾವ ನಿಯಮವೂ ಅಡ್ಡಿಯಾಗಲಿಲ್ಲ.