ರಿಸೀವರ್ ದನಿ ಬದಲಿಸುವುದು ಎಲ್ಲಿ?

ಸ್ಪೀಕರ್ ಅದೇ, ಹಾಡೂ ಅದೇ. ರಿಸೀವರ್ ಬದಲಿಸಿದರೆ ದನಿ ಬದಲಾಗುತ್ತದೆಯೇ? ‘ಇದರ ಸೌಂಡ್ ವಾರ್ಮ್, ಅದರದ್ದು ಬ್ರೈಟ್’ ಎಂಬ ಮಾತು ಅಂಗಡಿಗಳಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಪ್ರತಿ ಪೆಟ್ಟಿಗೆಗೂ ಒಂದೊಂದು ಕಂಠವಿದೆ ಎಂದೇ ಕೊಳ್ಳುವವರು ನಂಬಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. 1987ರಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ ಅಗ್ಗದ ರಿಸೀವರ್‌ನಿಂದ ಹಿಡಿದು ದುಬಾರಿ ಆಂಪ್ಲಿಫೈಯರ್‌ವರೆಗೆ ಹಲವನ್ನು ಒಂದೇ ಮಟ್ಟಕ್ಕೆ ಹೊಂದಿಸಿ, ಯಾವುದು ನುಡಿಯುತ್ತಿದೆ ಎಂದು ಹೇಳದೆ ಕೇಳಿಸಿತು. ಕೇಳುಗರ ಉತ್ತರಗಳು ಬರೀ ಊಹೆಯ ಮಟ್ಟದಲ್ಲೇ ಉಳಿದವು.

ಹಾಗೆಂದು ಯಾವ ರಿಸೀವರ್ ಆದರೂ ನಡೆದೀತು ಎಂದುಕೊಂಡರೆ ಅದೂ ತಪ್ಪೇ. ಉಪಕರಣ ತನ್ನ ಮಿತಿಯೊಳಗೆ ದುಡಿಯುವವರೆಗೆ ಮಾತ್ರ ಆ ಫಲಿತಾಂಶ ನಿಲ್ಲುತ್ತದೆ. ಮನೆಯಲ್ಲಿ ಹದವಾದ ವಾಲ್ಯೂಮ್‌ನಲ್ಲಿ ಕೇಳುವಾಗ ಸ್ಪೀಕರ್‌ಗೆ ಸರಾಸರಿ ಅರ್ಧ ವ್ಯಾಟ್ ಸಾಕು. ಆದರೆ ಸಂಗೀತ ಸರಾಸರಿಯಲ್ಲೇ ಉಳಿಯುವುದಿಲ್ಲವಲ್ಲ. ತಬಲಾದ ಒಂದು ಪೆಟ್ಟು ಆ ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹಾರಿದರೆ ಆ ಕ್ಷಣಕ್ಕೆ 100 ಪಟ್ಟು ಶಕ್ತಿ ಬೇಕು. ಅರ್ಧ ವ್ಯಾಟಿನಿಂದ ನೇರ 50ಕ್ಕೆ. ಸಾಲದ್ದಕ್ಕೆ, 8 ಓಮ್ ಎಂದು ಬರೆದ ಎಷ್ಟೋ ಸ್ಪೀಕರ್‌ಗಳು ಕೆಲವು ಆವರ್ತನಗಳಲ್ಲಿ 4 ಓಮ್‌ವರೆಗೆ ಇಳಿದು ಎರಡರಷ್ಟು ಕರೆಂಟ್ ಎಳೆಯುತ್ತವೆ. ರಿಸೀವರ್‌ಗೆ ಅಷ್ಟು ಕೊಡಲು ಆಗದಿದ್ದರೆ ಅಲೆಯ ನೆತ್ತಿಯೇ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಅದು ಯಾವಾಗಲೂ ಗೊರಗೊರ ಸದ್ದಾಗಿ ಕೇಳಿಸಬೇಕೆಂದಿಲ್ಲ. ತಬಲಾದ ಅಂಚಿನ ಪೆಟ್ಟು ಮೊಂಡಾಗುತ್ತದೆ, ಡಗ್ಗಾದ ಮೇಲೆ ಅಂಗೈ ಜಾರಿಸಿದಾಗ ಏಳುವ ಗುಂಕಾರ ಒರಟಾಗುತ್ತದೆ, ವಾಲ್ಯೂಮ್ ಏರಿಸಿದಷ್ಟೂ ದನಿ ತುಂಬಿ ಬರುವ ಬದಲು ಗಡಸಾಗುತ್ತದೆ. ಎಷ್ಟೋ ಜನ ಇದಕ್ಕೆ ಸ್ಪೀಕರನ್ನು ಬೈಯುತ್ತಾರೆ.

1978ರ ಎನ್‌ಎಡಿ 3020 ಆಂಪ್ಲಿಫೈಯರ್ ನನಗೆ ಇಂದಿಗೂ ಮಾದರಿ ಎನಿಸುವುದು ಇದೇ ಕಾರಣಕ್ಕೆ. ಅದಕ್ಕೆ ಟ್ಯೂನರ್ ಸೇರಿಸಿದ ರಿಸೀವರ್ ರೂಪವೇ 7020. ಹೇಳಿಕೊಂಡದ್ದು ಬರೀ 20 ವ್ಯಾಟ್. ಆದರೆ ಕಡಿಮೆ ಓಮ್‌ನ ಸ್ಪೀಕರ್ ಎದುರಿಗಿದ್ದಾಗಲೂ ಆ ಕ್ಷಣಿಕ ಏರಿಕೆಗೆ ಬೇಕಾದ ಕರೆಂಟನ್ನು ಧಾರಾಳವಾಗಿ ಕೊಡುತ್ತಿತ್ತು. ದುಡ್ಡು ಹೋಗಬೇಕಾದ ಕಡೆಗೇ ಹೋಗಿತ್ತು.

ಈಗಿನ ಎವಿ ರಿಸೀವರ್‌ಗಳ ಡಬ್ಬದ ಮೇಲೆ ‘ಚಾನೆಲ್‌ಗೆ 150 ವ್ಯಾಟ್’ ಎಂದಿದ್ದರೆ ಕೆಳಗಿನ ಸಣ್ಣಕ್ಷರ ಓದಿ. ಒಂದೇ ಚಾನೆಲ್ ನಡೆಸಿ, 6 ಓಮ್‌ನಲ್ಲಿ, 1 ಕಿಲೋಹರ್ಟ್ಸ್‌ನ ಒಂದೇ ಸ್ವರಕ್ಕೆ, 10% ವಿರೂಪ ಒಪ್ಪಿಕೊಂಡು ಅಳೆದ ಅಂಕಿ ಅದಾಗಿರಬಹುದು. ಇಂಥ ಉಬ್ಬಿಸಿದ ಲೆಕ್ಕಗಳ ಕಾಟಕ್ಕೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದದ್ದು. ನೋಡಬೇಕಾದದ್ದು ಎರಡು ಚಾನೆಲ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗಿನ ಅಂಕಿಯನ್ನು. 4 ಓಮ್‌ನದೂ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಅಂದಹಾಗೆ, ಅದೇ ಸ್ಪೀಕರ್‌ನಲ್ಲಿ 100 ವ್ಯಾಟ್‌ಗೂ 150 ವ್ಯಾಟ್‌ಗೂ ಇರುವ ಅಂತರ 2 ಡೆಸಿಬೆಲ್ ಕೂಡ ಅಲ್ಲ. ಅದಕ್ಕಾಗಿ ಹೆಚ್ಚು ದುಡ್ಡು ಕೊಡುವುದು ದಂಡ.

ಶಕ್ತಿ ಸಾಕಷ್ಟಿದ್ದ ಮೇಲೆ ದನಿಯನ್ನು ನಿಜಕ್ಕೂ ಬದಲಿಸುವುದು ರಿಸೀವರ್ ಒಳಗಿನ ರೂಮ್ ಕರೆಕ್ಷನ್: ಆಡಿಸ್ಸಿ, ಡಿರಾಕ್ ಮುಂತಾದವು. ಮೈಕ್ ಇಟ್ಟು ಕೋಣೆಯನ್ನು ಅಳೆದು ಅವು ಸ್ವರಗಳ ಮಟ್ಟ ತಿದ್ದುತ್ತವೆ. ಸಿಮೆಂಟ್ ಗೋಡೆಯ ಹಾಲ್‌ನಲ್ಲಿ ಒಂದೆರಡು ಮಂದ್ರ ಸ್ವರಗಳು ಮಾತ್ರ ಗುಮ್ಮೆಂದು ಉಬ್ಬುವುದುಂಟು. ಅದನ್ನು ಇವು ಇಳಿಸುವ ರೀತಿ ಯಾರ ಕಿವಿಗಾದರೂ ಗೊತ್ತಾಗುತ್ತದೆ. ಸುಮಾರು 300 ಹರ್ಟ್ಸ್‌ನ ಕೆಳಗೆ ಈ ತಿದ್ದುಪಡಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದರ ಮೇಲೆ ಒಳ್ಳೆಯ ಸ್ಪೀಕರನ್ನು ಅದರ ಪಾಡಿಗೆ ಬಿಡುವುದೇ ಲೇಸು. ಆಡಿಸ್ಸಿಯಂತೂ 2 ಕಿಲೋಹರ್ಟ್ಸ್ ಆಸುಪಾಸು ಬೇಕೆಂದೇ ದನಿಯನ್ನು ಸ್ವಲ್ಪ ತಗ್ಗಿಸುತ್ತದೆ. ಗಾಯಕರ ಉಚ್ಚಾರ, ಪಿಟೀಲಿನ ಕಮಾನಿನ ಹಿಡಿತ ಸ್ಪಷ್ಟವಾಗುವುದೇ ಆ ಭಾಗದಲ್ಲಿ. ಮೊಬೈಲ್ ಆಪ್‌ನಲ್ಲಿ ಅದನ್ನು ಆಫ್ ಮಾಡಬಹುದು. ಟೈಲ್ಸ್ ನೆಲದ ಮರುದನಿಯನ್ನು ಮಾತ್ರ ಯಾವ ರಿಸೀವರ್ರೂ ತೆಗೆಯಲಾರದು; ಅದಕ್ಕೆ ಜಮಖಾನೆಯನ್ನೇ ಹಾಸಬೇಕು, ಕಿಟಕಿಗೆ ದಪ್ಪ ಪರದೆಯನ್ನೇ ಕಟ್ಟಬೇಕು.