ಕೇಟರ್‌ಹ್ಯಾಮ್ ಸೆವೆನ್: ಲಾಘವದ ಗುಣದೋಷ

ಲಂಡನ್ನಿನ ಉತ್ತರಕ್ಕಿರುವ ಹಾರ್ನ್ಸಿ ಬಡಾವಣೆಯಲ್ಲಿ, ತನ್ನ ತಂದೆ ನಡೆಸುತ್ತಿದ್ದ ರೈಲ್ವೆ ಹೋಟೆಲಿನ ಹಿಂದಣ ಹಳೆಯ ಕುದುರೆಲಾಯವನ್ನೇ ಕಾರ್ಯಾಗಾರವಾಗಿ ಮಾಡಿಕೊಂಡು ಲೋಟಸ್ ಸಂಸ್ಥೆಯನ್ನು ಕಟ್ಟಿದ ಕಾಲಿನ್ ಚ್ಯಾಪ್‌ಮನ್, 1957ರಲ್ಲಿ ಹೊರತಂದ ‘ಸೆವೆನ್’ ಎಂಬ ಪುಟ್ಟ ಕಾರು, ಅದರ ಜನಕನು ಗತಿಸಿ ನಾಲ್ಕು ದಶಕಗಳು ಕಳೆದ ಮೇಲೆಯೂ, ಹೆಚ್ಚುಕಡಮೆ ಅದೇ ಆಕೃತಿಯಲ್ಲಿ, ಅದೇ ತತ್ತ್ವದ ಮೇಲೆ, ಇಂದಿಗೂ ತಯಾರಾಗುತ್ತಿದೆ. ಹತ್ತು ವರ್ಷ ಉಳಿದ ಮಾದರಿಯೇ ದೀರ್ಘಾಯುವೆನಿಸುವ ಮೋಟಾರು ಲೋಕದಲ್ಲಿ ಇಂಥ ಬಾಳಿಕೆ ಕೇವಲ ಅಭಿಮಾನಿಗಳ ಮಮತೆಯಿಂದ ಒದಗಿ ಬಂದದ್ದಾಗಲಾರದು. ಕೃತಿಯ ಅಂತಃಸತ್ತ್ವದಲ್ಲಿಯೇ ಅದಕ್ಕೆ ಕಾರಣವಿರಬೇಕು. ಆ ಸತ್ತ್ವವೆಂಥದು, ಅದರ ಮಿತಿಯೇನು, ಅನಂತರದವರು ಅದಕ್ಕೆ ಮಾಡಿದ ಸೇರ್ಪಡೆಗಳಲ್ಲಿ ಔಚಿತ್ಯವುಳ್ಳವು ಯಾವುವು, ಇಲ್ಲದವು ಯಾವುವು ಎಂದು ವಿಚಾರಿಸುವುದು ಇಲ್ಲಿಯ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಣ್ಣ ಎಂಜಿನ್ನಿನ ಸೆವೆನ್ನೇ ನಿಜವಾದ ಸೆವೆನ್, ಶಕ್ತಿ ಏರಿದಂತೆಲ್ಲ ಅದರ ಕಾಂತಿ ಕುಂದುತ್ತದೆ, ಮತ್ತು ಅದನ್ನು ಸ್ವಂತ ಕೈಯಿಂದ ಬಿಚ್ಚಿ ಜೋಡಿಸಿ ನೋಡಿಕೊಳ್ಳದವನಿಗೆ ಅದು ಅರ್ಧ ಮಾತ್ರವೇ ದಕ್ಕುತ್ತದೆ.

ಚ್ಯಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ ಸೇತುವೆಗಳ ರಚನಾಶಾಸ್ತ್ರವನ್ನು ಅಭ್ಯಾಸಮಾಡಿದವನು. ಭಾರವು ಯಾವ ದಾರಿಯಾಗಿ ನೆಲಕ್ಕಿಳಿಯುತ್ತದೆ, ಎಲ್ಲಿ ಲೋಹ ದುಡಿಯುತ್ತಿದೆ, ಎಲ್ಲಿ ಸುಮ್ಮನೆ ಕುಳಿತಿದೆ ಎಂಬ ವಿವೇಚನೆಯನ್ನು ಅವನು ಕಾರಿಗೆ ತಂದನು. ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದ ಪಂಜರ, ಅದರ ಮೇಲೆ ರಿವೆಟ್ಟುಗಳಿಂದ ಬಿಗಿದ ತೆಳುವಾದ ಅಲ್ಯೂಮಿನಿಯಂ ಹಾಳೆ, ಮುಂದೆ ಎಂಜಿನ್ನು, ಹಿಂದಿನ ಅಚ್ಚಿಗೆ ಆತುಕೊಂಡಂತೆ ಎರಡು ಆಸನ—ಇಷ್ಟೇ ಸೆವೆನ್. ಮೊದಲ ಸೆವೆನ್ನಿನ ಮುಂಭಾಗದಲ್ಲಿ, ಕಾರು ತಿರುವಿನಲ್ಲಿ ಓಲದಂತೆ ತಡೆಯುವ ಸರಳನ್ನೇ ಚಕ್ರವನ್ನು ಹಿಡಿದಿಡುವ ಮೇಲ್ತೋಳಿನ ಒಂದು ಭುಜವಾಗಿಯೂ ಬಳಸಿಕೊಂಡಿದ್ದನು. ಎರಡು ಕಾರ್ಯಗಳಿಗೆ ಒಂದೇ ವಸ್ತು: ಚ್ಯಾಪ್‌ಮನ್ನನ ಬುದ್ಧಿಯ ಜಾಡು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ಆ ಮೊದಲ ಕಾರಿಗೆ ಫೋರ್ಡ್ ಕಂಪನಿಯ 1172 ಸಿಸಿಯ, 40 ಅಶ್ವಶಕ್ತಿಯ ಸಾಧಾರಣ ಎಂಜಿನ್ನು ಸಾಕಾಯಿತು.

ಅದನ್ನು ಬಿಡಿಭಾಗಗಳ ಕಿಟ್ಟಾಗಿ ಮಾರಿದ್ದಕ್ಕೆ ಕಾರಣ ಮಾತ್ರ ಲೌಕಿಕವಾದದ್ದು. ಬ್ರಿಟನ್ನಿನಲ್ಲಿ ಆಗ ಸಿದ್ಧವಾದ ಕಾರಿಗೆ ಕ್ರಯತೆರಿಗೆ ಇತ್ತು, ಬಿಡಿಭಾಗಗಳಿಗೆ ಇರಲಿಲ್ಲ. ಜೋಡಣೆಯ ಸೂಚನೆಗಳನ್ನು ಕೊಟ್ಟರೂ ತೆರಿಗೆಯ ಅಧಿಕಾರಿಗಳು ಆಕ್ಷೇಪಿಸಿಯಾರೆಂದು, ಕಾರನ್ನು ಬಿಚ್ಚುವ ಕ್ರಮವನ್ನು ಬರೆದುಕೊಟ್ಟು, ಗಿರಾಕಿಯು ಅದನ್ನು ಕೊನೆಯಿಂದ ಮೊದಲಿಗೆ ಅನುಸರಿಸಲಿ ಎಂದು ಬಿಟ್ಟರೆಂಬುದು ಪ್ರಸಿದ್ಧವಾದ ಕಥೆ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಈ ರಿಯಾಯಿತಿ ಕೊನೆಗೊಂಡಿತು. ಅದೇ ವರ್ಷ ಸೆವೆನ್ನಿನ ಹಕ್ಕು ಲೋಟಸ್ಸಿನಿಂದ ಗ್ರಹಾಂ ನರ್ನ್ ಅವರ ಕೇಟರ್‌ಹ್ಯಾಮ್ ಕಾರ್ಸ್ ಸಂಸ್ಥೆಗೆ ಬಂದಿತು. ಲೋಟಸ್ 1970ರಲ್ಲಿ ಈ ಕಾರಿಗೆ ಗಾಜಿನ ನಾರಿನ ಹೊಸ ಮೈಯನ್ನು ತೊಡಿಸಿ ಕಾಲಕ್ಕೆ ತಕ್ಕಂತೆ ಮಾಡಲು ಹೊರಟಿತ್ತು. ನರ್ನ್ ಆ ನಾಲ್ಕನೆಯ ಸರಣಿಯನ್ನು ಸ್ವಲ್ಪಕಾಲ ನಡೆಸಿ, 1974ರಲ್ಲಿ ಅದನ್ನು ಬದಿಗಿಟ್ಟು, ಅದರ ಹಿಂದಿನ ಮೂರನೆಯ ಸರಣಿಯ ಆಕೃತಿಗೇ ಮರಳಿದರು. ಮೂಲಪಾಠವನ್ನು ಗುರುತಿಸಿ, ಪ್ರಕ್ಷಿಪ್ತವನ್ನು ಕಳಚಿಹಾಕಿದ ಒಳ್ಳೆಯ ಸಂಪಾದಕನ ಕೆಲಸವಿದು. ಸೆವೆನ್ ಉಳಿದುಬಂದದ್ದು ಆ ಒಂದು ನಿರ್ಣಯದಿಂದ ಎಂದರೆ ಅತಿಶಯೋಕ್ತಿಯಾಗದು.

ತೆರಿಗೆಯ ಕಾರಣ ಹೋದರೂ ಕಿಟ್ಟು ಹೋಗಲಿಲ್ಲವೆಂಬುದೇ ವಿಶೇಷ. ಇಂದಿಗೂ ಬ್ರಿಟನ್ನಿನಲ್ಲಿ ಸೆವೆನ್ನನ್ನು ಬಿಡಿಯಾಗಿ ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲಿ ಜೋಡಿಸುವವರುಂಟು. ಪಂಜರವು ಹಾಳೆ ಹೊದಿಸಿಕೊಂಡು, ವಿದ್ಯುತ್ತಿನ ತಂತಿ ಮತ್ತು ಬ್ರೇಕಿನ ನಳಿಕೆಗಳ ಸಹಿತವಾಗಿ ಬರುತ್ತದೆ. ಎಂಜಿನ್ನು, ಗೇರುಪೆಟ್ಟಿಗೆ, ಸಸ್ಪೆನ್ಷನ್, ಹಿಂದಣ ಡಿಫರೆನ್ಷಿಯಲ್, ಹೊಗೆಕೊಳವೆ, ದೀಪ, ಆಸನಗಳನ್ನು ಕೂಡಿಸುವ ಭಾರ ಕೊಂಡವನದು. ಈ ಕೆಲಸ ಕಷ್ಟವೇ ಎಂದರೆ ಬಹುಪಾಲು ಕಷ್ಟವಲ್ಲ. ಆದರೆ ಅವಸರವನ್ನು ಅದು ಕ್ಷಮಿಸುವುದಿಲ್ಲ. ಡಿಫರೆನ್ಷಿಯಲ್ಲನ್ನು ಪಂಜರದ ಕಿವಿಗಳ ನಡುವೆ ತೂಗಿ ಹಿಡಿದು, ಅದು ಎಡಕ್ಕೂ ವಾಲದೆ ಬಲಕ್ಕೂ ವಾಲದೆ ನಟ್ಟನಡುವೆ ನಿಲ್ಲುವಂತೆ ಎರಡು ಕಡೆಗೂ ತೆಳುವಾದ ವಾಷರುಗಳನ್ನು ಅಳೆದು ಅಳೆದು ತುರುಕಿ, ಉದ್ದನೆಯ ಬೋಲ್ಟನ್ನು ಅವೆಲ್ಲದರ ಕಣ್ಣುಗಳ ಮೂಲಕ ಸಾಗಿಸುವಷ್ಟರಲ್ಲಿ ಮಧ್ಯಾಹ್ನವೊಂದು ಕಳೆದುಹೋಗುತ್ತದೆ. ಕೊನೆಯ ವಾಷರನ್ನು ಸೇರಿಸುವಾಗ ಮೊದಲನೆಯದು ಜಾರಿ ನೆಲಕ್ಕೆ ಬೀಳುವುದೂ ಉಂಟು. ಹಾಗೆಯೇ ಸಸ್ಪೆನ್ಷನ್ ತೋಳುಗಳ ರಬ್ಬರು ಬುಷ್ಷುಗಳನ್ನು ಹಿಡಿದಿರುವ ಬೋಲ್ಟುಗಳನ್ನು ಕಾರು ಜಾಕಿನ ಮೇಲೆ ತೂಗುತ್ತಿರುವಾಗ ಪೂರ್ಣ ಬಿಗಿಯಬಾರದು. ಕಾರು ತನ್ನ ಚಕ್ರಗಳ ಮೇಲೆ ನಿಂತು, ತನ್ನ ತೂಕವನ್ನು ತಾನು ಹೊತ್ತ ಅನಂತರವೇ ಕಡೆಯ ಬಿಗಿ. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ. ಇಂಥ ಒಂದು ನಿಯಮದ ಕಾರಣವನ್ನು ತಿಳಿದು ಪಾಲಿಸಿದವನಿಗೆ ಸಸ್ಪೆನ್ಷನ್ನೆಂಬುದು ಏನು ಮಾಡುತ್ತದೆಂಬ ಜ್ಞಾನ ಪುಸ್ತಕವಿಲ್ಲದೆಯೇ ಬರುತ್ತದೆ. ಜೋಡಿಸಿದ ಕಾರು ಸರ್ಕಾರದ ಪ್ರತ್ಯೇಕ ವಾಹನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೋಂದಣಿ ಪಡೆಯಬೇಕು. ಒಬ್ಬ ಸಾಮಾನ್ಯ ನಾಗರಿಕನು ಕಟ್ಟಿದ ಒಂದೇ ಒಂದು ಕಾರನ್ನು ಪರೀಕ್ಷಿಸಿ ರಸ್ತೆಗೆ ಬಿಡುವ ಏರ್ಪಾಡನ್ನು ಆ ದೇಶ ಇಟ್ಟುಕೊಂಡಿರುವುದು ನನಗೆ ಬಹು ಮೆಚ್ಚುಗೆಯ ಸಂಗತಿ.

ಇನ್ನು ಲಾಘವದ ಫಲಗಳು. ಸೆವೆನ್ನಿನ ತೂಕ ಸುಮಾರು 500 ಕಿಲೋಗ್ರಾಂ. ಇಂದಿನ ಸಾಧಾರಣ ಕುಟುಂಬದ ಕಾರು ಅದರ ಮೂರರಷ್ಟು ತೂಗುತ್ತದೆ. ಒಂದೇ ವೇಗದಿಂದ ನಿಲ್ಲಿಸುವಾಗ ಬ್ರೇಕುಗಳು ಶಾಖವಾಗಿ ಅರಗಿಸಿಕೊಳ್ಳಬೇಕಾದ ಶಕ್ತಿಯೂ ಮೂರರಲ್ಲೊಂದೇ ಆಯಿತು. ಆದುದರಿಂದ ಭಾರದ ಕಾರುಗಳು ಟ್ರ್ಯಾಕಿನ ಒಂದೇ ದಿನದಲ್ಲಿ ಬ್ರೇಕು ಪ್ಯಾಡನ್ನೂ ಟೈರನ್ನೂ ತಿಂದುಹಾಕುವಲ್ಲಿ, ಸೆವೆನ್ ಅವೇ ಪ್ಯಾಡುಗಳಲ್ಲಿ ಎಷ್ಟೋ ದಿನ ಓಡಿ, ಸಂಜೆ ಮನೆಗೂ ತಾನೇ ಬರುತ್ತದೆ. ಟೈರಿನ ಗಾಳಿ 18 ಪಿಎಸ್‌ಐ ಆಸುಪಾಸು ಸಾಕು. ಸ್ಟೀರಿಂಗಿಗೆ ಯಾವ ನೆರವೂ ಬೇಡ, ಬ್ರೇಕಿಗೂ ಬೇಡ. ಆದರೆ ಇದೇ ಲಾಘವಕ್ಕೆ ಮತ್ತೊಂದು ಪಕ್ಕವಿದೆ: 80 ಕಿಲೋಗ್ರಾಂ ತೂಗುವ ಚಾಲಕನು ಈ ಕಾರಿನ ಆರನೆಯ ಒಂದು ಪಾಲಿನಷ್ಟಾಗುತ್ತಾನೆ, ಪಕ್ಕದಲ್ಲಿ ಗೆಳೆಯನು ಕುಳಿತರೆ ಕಾರಿನ ನಡತೆಯೇ ಬದಲಾಗುತ್ತದೆ.

ಸಂರಕ್ಷಣೆಯ ವಿಷಯಕ್ಕೆ ಬಂದರೆ, ಸೆವೆನ್ ಬೇಡುವುದು ಹಣಕ್ಕಿಂತ ಹೆಚ್ಚಾಗಿ ಕಣ್ಣನ್ನು. ಗಟ್ಟಿಯಾದ ಸಸ್ಪೆನ್ಷನ್ನೂ ಸಣ್ಣ ಪಂಜರವೂ ಕೂಡಿ ರಸ್ತೆಯ ಪ್ರತಿಯೊಂದು ಕಂಪನವನ್ನೂ ಪ್ರತಿಯೊಂದು ನಟ್ಟಿಗೂ ಮುಟ್ಟಿಸುವುದರಿಂದ, ಟ್ರ್ಯಾಕಿಗೆ ಹೋಗುವ ಮುನ್ನವೂ ಬಂದ ಮೇಲೂ ಪಾನಾ ಹಿಡಿದು ಕಾರನ್ನು ಒಂದು ಸುತ್ತು ಬರುವುದು ಅಲಿಖಿತ ಶಾಸನ. ಬಲ್ಲವರು ಬಿಗಿದ ನಟ್ಟಿನಿಂದ ಬೋಲ್ಟಿನ ಮೇಲೆ ಹಾಯುವಂತೆ ಬಣ್ಣದ ಗೆರೆಯೊಂದನ್ನು ಎಳೆದಿರುತ್ತಾರೆ. ಗೆರೆ ಮುರಿದಿದ್ದರೆ ನಟ್ಟು ಸಡಿಲಿದೆಯೆಂದು ದೂರದಿಂದಲೇ ತಿಳಿಯುತ್ತದೆ. ಉಕ್ಕಿನ ಕೊಳವೆಗೆ ಅಲ್ಯೂಮಿನಿಯಂ ಹಾಳೆ ತಾಗುವೆಡೆಯಲ್ಲಿ ನೀರು ನಿಂತರೆ ಎರಡು ಲೋಹಗಳ ವೈಷಮ್ಯದಿಂದ ಸವೆತ ಹುಟ್ಟಿ, ರಿವೆಟ್ಟುಗಳ ಸುತ್ತ ಬಿಳಿಯ ಹುಡಿ ಕಾಣಿಸಿಕೊಳ್ಳುತ್ತದೆ; ಅದನ್ನು ಕಂಡೂ ಕಾಣದಂತೆ ಇರುವವನು ಕೆಲವು ಚಳಿಗಾಲಗಳ ಅನಂತರ ಪಂಜರದ ದುರಸ್ತಿಗೆ ದುಡ್ಡು ತೆರಬೇಕಾಗುತ್ತದೆ. ಟ್ರ್ಯಾಕಿನ ದೀರ್ಘ ತಿರುವುಗಳಲ್ಲಿ ಎಣ್ಣೆಯು ತೊಟ್ಟಿಯ ಒಂದು ಪಕ್ಕಕ್ಕೆ ಒತ್ತರಿಸಿಕೊಂಡು, ಪಂಪು ಗಾಳಿಯನ್ನು ಹೀರಿ, ಬೇರಿಂಗುಗಳು ಒಣಗಿ ಎಂಜಿನ್ನೇ ಹಾಳಾಗುವ ಅಪಾಯವೂ ಉಂಟು. ಅದಕ್ಕೆಂದೇ ಎಣ್ಣೆಯನ್ನು ಬೇರೆ ತೊಟ್ಟಿಯಲ್ಲಿಡುವ ಡ್ರೈ ಸಂಪ್ ಮುಂತಾದ ಉಪಾಯಗಳಿವೆ. ಯಾವ ಲೋಪವೂ ಮುಚ್ಚುಮರೆಯಲ್ಲಿಲ್ಲದಿರುವುದು ಈ ಕಾರಿನ ದೊಡ್ಡ ಗುಣ. ಇಂದಿನ ಕಾರಿನ ಬಾನೆಟ್ಟು ತೆರೆದರೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ ಕಾಣುತ್ತದೆ. ಸೆವೆನ್ನಿನ ಬಾನೆಟ್ಟನ್ನು ಎತ್ತಿ ಪಕ್ಕಕ್ಕಿಟ್ಟರೆ ಕಾರ್ಯವೂ ಕಾರಣವೂ ಒಟ್ಟಿಗೆ ಕಾಣುತ್ತವೆ.

ಕೆಂಟ್ ಪ್ರಾಂತದ ಬ್ರ್ಯಾಂಡ್ಸ್ ಹ್ಯಾಚ್ ಸರ್ಕ್ಯೂಟು, ಸೆವೆನ್ ತಯಾರಾಗುವ ಡಾರ್ಟ್‌ಫರ್ಡಿಗೆ ಅಷ್ಟೇನೂ ದೂರವಲ್ಲ. ಅದರ ಸಣ್ಣ ಸುತ್ತಿನ ಉದ್ದ ಎರಡು ಕಿಲೋಮೀಟರಿಗೂ ತುಸು ಕಡಮೆ. ಆದರೆ ಸೆವೆನ್ನಿನ ಪರೀಕ್ಷೆಗೆ ಅದರ ಮೊದಲ ತಿರುವೊಂದೇ ಸಾಕು. ಪ್ಯಾಡಕ್ ಹಿಲ್ ಎಂಬ ಆ ಬಲತಿರುವು, ನೇರ ದಾರಿಯ ತುದಿಯಲ್ಲಿ ಮರೆಯಾಗಿ, ಒಮ್ಮೆಗೇ ಕಣಿವೆಗೆ ಇಳಿಯುತ್ತದೆ. ಪ್ರವೇಶದಲ್ಲಿ ನಿರ್ಗಮನ ಕಾಣುವುದಿಲ್ಲ. ಬ್ರೇಕನ್ನು ಒತ್ತುವಾಗ ಕಾರಿನ ಭಾರ ಮುಂದಕ್ಕೆ ಸರಿಯುತ್ತದೆ, ಇಳಿಜಾರಿನಲ್ಲಿ ಹಿಂಭಾಗ ಹಗುರಾಗುತ್ತದೆ, ತಳದಲ್ಲಿ ಕಾರು ನೆಲಕ್ಕೆ ಒತ್ತಿಕೊಂಡು ಹಿಡಿತ ಮರಳುತ್ತದೆ, ಅಲ್ಲಿಂದ ಡ್ರೂಯಿಡ್ಸ್ ತಿರುವಿನವರೆಗೆ ಏರು. ಈ ನಾಲ್ಕು ಅವಸ್ಥೆಗಳನ್ನು ಬೇರೆ ಕಾರಿನಲ್ಲಿ ಬುದ್ಧಿಯಿಂದ ಊಹಿಸಬೇಕು. ಸೆವೆನ್ನಿನಲ್ಲಿ ಅವು ಹಿಂದಣ ಅಚ್ಚಿಗೆ ಆತು ಕುಳಿತ ಚಾಲಕನ ಬೆನ್ನಿಗೆ ನೇರವಾಗಿ ತಿಳಿಯುತ್ತವೆ. ಮುಂದಣ ಚಕ್ರಗಳು ಮೈಯಿಂದ ಹೊರಗೆ ಬಯಲಲ್ಲಿ ನಿಂತಿರುವುದರಿಂದ ಟೈರು ರಸ್ತೆಯ ಉಬ್ಬಿಗೆ ಏರುವುದನ್ನೂ, ಸಸ್ಪೆನ್ಷನ್ನಿನ ತೋಳು ಮಡಿಯುವುದನ್ನೂ, ಬ್ರೇಕು ಅತಿಯಾದಾಗ ಚಕ್ರ ತಿರುಗದೆ ಕಚ್ಚಿಕೊಳ್ಳುವುದನ್ನೂ ಕುಳಿತಲ್ಲಿಂದಲೇ ನೋಡಬಹುದು. ತಿರುವಿನ ನಡುವೆ ಭೀತಿಯಿಂದ ಆಕ್ಸಿಲರೇಟರನ್ನು ಥಟ್ಟನೆ ಬಿಟ್ಟರೆ ಹಿಂಭಾಗ ಸರಿಯುತ್ತದೆ. ಅದನ್ನು ಹಿಡಿಯಲು ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿದರೆ ಅಷ್ಟೇ ಬೇಗ ಸರಿಹೋಗುತ್ತದೆ. ತಪ್ಪಿಗೂ ಶಿಕ್ಷೆಗೂ, ಶಿಕ್ಷೆಗೂ ತಿದ್ದುಪಡಿಗೂ ನಡುವೆ ಇಷ್ಟು ಕಡಮೆ ಅಂತರವಿರುವ ಶಿಕ್ಷಕನು ಬೇರೆ ಯಾವ ಕಾರಿನಲ್ಲಿಯೂ ಸಿಕ್ಕುವುದಿಲ್ಲವೆಂದು ನನ್ನ ದೃಢವಾದ ನಂಬಿಕೆ. 1995ರಿಂದ ನಡೆದುಬಂದಿರುವ ಕೇಟರ್‌ಹ್ಯಾಮ್ ಅಕಾಡೆಮಿ ಈ ಗುಣವನ್ನು ಚೆನ್ನಾಗಿ ಬಳಸಿಕೊಂಡಿದೆ: ರೇಸಿನ ಅನುಭವವಿಲ್ಲದವರು ಒಂದೇ ಮಾದರಿಯ, ಒಂದೇ ಶಕ್ತಿಯ, ತಾವೇ ಜೋಡಿಸಬಹುದಾದ ಕಾರುಗಳಲ್ಲಿ ಪರಸ್ಪರ ಸ್ಪರ್ಧಿಸುತ್ತಾರೆ.

ಹೀಗೆ ಹೊಗಳಿದ ಮೇಲೆ ದೋಷವನ್ನು ಹೇಳದಿರುವುದು ವಿಮರ್ಶೆಯ ಧರ್ಮವಾಗದು. ಲಾಘವವು ನಿರಪಾಯವಾದ ಗುಣವಲ್ಲ. ಚ್ಯಾಪ್‌ಮನ್ನನ ರೇಸು ಕಾರುಗಳು ಜಿಮ್ ಕ್ಲಾರ್ಕನಿಗೆ 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಪಟ್ಟವನ್ನು ತಂದುಕೊಟ್ಟವು. ಆದರೆ 1970ರಲ್ಲಿ ಇಟಲಿಯ ಮೊಂಜಾದಲ್ಲಿ ಲೋಟಸ್ 72ರಲ್ಲಿ ಓಡುತ್ತಿದ್ದ ಯೋಕೆನ್ ರಿಂಟ್ ಮಡಿದನು. ಮುಂಚಕ್ರದ ಬ್ರೇಕಿನ ದಂಡ ಮುರಿದದ್ದೇ ಅಪಘಾತದ ಮೂಲವೆಂದು ಬಲ್ಲವರ ಅಭಿಮತ. ಆ ವರ್ಷದ ಚಾಂಪಿಯನ್ ಪಟ್ಟ ಅವನಿಗೆ ಮರಣೋತ್ತರವಾಗಿ ಸಂದಿತು. ಎಲ್ಲಿಯವರೆಗೆ ಕಡಮೆಮಾಡಬಹುದು ಎಂಬ ಪ್ರಶ್ನೆಗೆ ಮನುಷ್ಯನ ಜೀವವೇ ಉತ್ತರವಾಗಬಾರದು. ಸೆವೆನ್ನಿನಲ್ಲಿ ಏರ್‌ಬ್ಯಾಗಿಲ್ಲ, ಪಕ್ಕದಿಂದ ಬಂದು ಬಡಿಯುವ ವಾಹನಕ್ಕೂ ಚಾಲಕನ ತೊಡೆಗೂ ನಡುವೆ ಇರುವುದು ಕೆಲವು ಕೊಳವೆಗಳು, ಒಂದು ಹಾಳೆ. ದೊಡ್ಡ ಲಾರಿಗಳ ನಡುವೆ ಅದರ ಚಾಲಕನ ತಲೆ ಹೆಚ್ಚುಕಡಮೆ ಅವುಗಳ ಚಕ್ರದ ಎತ್ತರಕ್ಕಷ್ಟೇ ಬರುತ್ತದೆ. ಹೊರಗಡೆ ಹಾಯ್ದಿರುವ ಹೊಗೆಕೊಳವೆ ಅಜಾಗ್ರತರ ಮೀನಖಂಡವನ್ನು ಸುಡುತ್ತದೆ. ಮಳೆಗೆ ಅದರ ಬಟ್ಟೆಯ ಮಾಡು ಅರೆಬರೆ ರಕ್ಷಣೆ. ಹೆದ್ದಾರಿಯ ವೇಗದಲ್ಲಿ ಗಾಳಿಯೊಡನೆ ಅದು ಸೆಣಸುವುದೇ ಹೊರತು ಅದನ್ನು ಸೀಳುವುದಿಲ್ಲ. ಅನುಕೂಲಗಳ ಕೊರತೆಯನ್ನು ನಾನು ಸಹಿಸುತ್ತೇನೆ. ರಕ್ಷಣೆಯ ಕೊರತೆಯನ್ನು ಶೌರ್ಯದ ಹೆಸರಿನಲ್ಲಿ ಕೊಂಡಾಡುವವರ ಮಾತನ್ನು ಒಪ್ಪಲಾರೆ. ರೋಲ್ ಬಾರನ್ನೂ ಸರಿಯಾದ ಬೆಲ್ಟನ್ನೂ ಕೂಡಿಸಿದರೆ ಏರುವ ಕೆಲವು ಕಿಲೋಗ್ರಾಂ, ತೂಕದ ಲೆಕ್ಕದಲ್ಲಿ ಸೇರತಕ್ಕದ್ದೇ ಅಲ್ಲ.

ಎರಡನೆಯ ದೋಷ ಕೃತಿಯದಲ್ಲ, ಅದರ ಉತ್ತರಾಧಿಕಾರಿಗಳದು. 2013ರಲ್ಲಿ ಬಂದ 620ಆರ್ ಮಾದರಿಯಲ್ಲಿ, 600 ಕಿಲೋಗ್ರಾಂ ಕೂಡ ತೂಗದ ಮೈಗೆ 310 ಅಶ್ವಶಕ್ತಿಯ ಸೂಪರ್‌ಚಾರ್ಜರ್ ಎಂಜಿನ್ನನ್ನು ಹೂಡಿದರು. ಅದರ ವೇಗೋತ್ಕರ್ಷ ಬೆರಗುಗೊಳಿಸುವಂಥದು, ಸಂದೇಹವಿಲ್ಲ. ಆದರೆ ಭಾರ ಕಳೆದರೆ ಶಕ್ತಿ ಬೇಡ ಎಂಬ ಸಿದ್ಧಾಂತದ ಮೇಲೆ ಹುಟ್ಟಿದ ಕಾರಿಗೆ ಅಷ್ಟು ಶಕ್ತಿಯನ್ನು ತುಂಬುವುದು ಸಿದ್ಧಾಂತದ ಖಂಡನೆಯೇ ಸರಿ. ಹಿಂದಿನ ಟೈರುಗಳು ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸಲಾರದೆ ಚಡಪಡಿಸುವಾಗ ಚಾಲಕನ ಗಮನವೆಲ್ಲ ಎಂಜಿನ್ನನ್ನು ಅಂಕೆಯಲ್ಲಿಡುವುದಕ್ಕೇ ವ್ಯಯವಾಗಿ, ತಿರುವಿನ ಸೂಕ್ಷ್ಮಗಳಿಗೆ ಪುರಸತ್ತೇ ಉಳಿಯುವುದಿಲ್ಲ. ಅದೇ ಸಂಸ್ಥೆ 2021ರಲ್ಲಿ ತಂದ 170 ಮಾದರಿಯಲ್ಲಿ ಜಪಾನಿನ ಪುಟಾಣಿ ಕಾರುಗಳಿಗಾಗಿ ಸುಜುಕಿ ಮಾಡಿದ 660 ಸಿಸಿಯ ಟರ್ಬೊ ಎಂಜಿನ್ನಿದೆ. ಅಶ್ವಶಕ್ತಿ 84, ತೂಕ 440 ಕಿಲೋಗ್ರಾಂ. ಇದರಲ್ಲಿ ಆಕ್ಸಿಲರೇಟರನ್ನು ಪೂರ್ಣ ಒತ್ತಿ ಹಿಡಿದು ಓಡಿಸುವ ಸುಖ ಸಾಮಾನ್ಯ ಚಾಲಕನಿಗೂ ಲಭ್ಯ. ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಎಂಜಿನ್ನು ಮರಳಿಸಿಕೊಡಲಾರದಾದುದರಿಂದ, ಕಳೆದುಕೊಳ್ಳದಿರುವ ಕಲೆಯನ್ನು ಅವನು ಕಲಿಯಲೇಬೇಕಾಗುತ್ತದೆ. ಚ್ಯಾಪ್‌ಮನ್ನನ 40 ಅಶ್ವಶಕ್ತಿಯ ಮೊದಲ ಸೆವೆನ್ನಿಗೆ ಇದು ನಿಜವಾದ ವಾರಸುದಾರ.

ಬೆಲೆಯ ವಿಚಾರದಲ್ಲಿಯೂ ಒಂದು ಮಾತು. ಬಡ ಉತ್ಸಾಹಿಗೆಂದು ಹುಟ್ಟಿದ ಕಾರು ಇಂದು ಉಳ್ಳವರ ವಿಲಾಸದತ್ತ ಸರಿದಿದೆ. ಇದಕ್ಕೆ ಉತ್ತರವೆಂಬಂತೆ ರಾನ್ ಚಾಂಪಿಯನ್ ಎಂಬ ಉಪಾಧ್ಯಾಯರು 1996ರಲ್ಲಿ, ಹಳೆಯ ಫೋರ್ಡ್ ಎಸ್ಕಾರ್ಟಿನ ಭಾಗಗಳಿಂದ ಕೇವಲ 250 ಪೌಂಡಿನಲ್ಲಿ ಇಂಥ ಕಾರನ್ನು ಕಟ್ಟಿಕೊಳ್ಳಬಹುದೆಂದು ಪುಸ್ತಕವನ್ನೇ ಬರೆದರು. ಅದನ್ನೋದಿ ಕೊಳವೆ ಕತ್ತರಿಸಿ ಬೆಸೆದವರಿಂದ ‘ಲೋಕಾಸ್ಟ್’ ಎಂಬ ಒಂದು ವರ್ಗವೇ ಬೆಳೆಯಿತು. ಅವರ ಬೆಸುಗೆ ಒರಟಾಗಿರಬಹುದು, ಆದರೆ ಚ್ಯಾಪ್‌ಮನ್ನನ ಲಾಯಕ್ಕೆ ಅವರು ಹತ್ತಿರದ ನೆಂಟರು.

ಇಂಗ್ಲೆಂಡಿನಲ್ಲಿ ನೆಲಸಿದ ಕನ್ನಡಿಗರಲ್ಲಿ ಯಾರಾದರೂ ಇಂಥ ಕಾರನ್ನು ಕೊಳ್ಳುವ ಯೋಚನೆಯಲ್ಲಿದ್ದರೆ ಅವರಿಗೆ ನನ್ನ ಸಲಹೆ ಇಷ್ಟು: ಶಕ್ತಿಯ ಅಂಕಿಗೆ ಮರುಳಾಗದೆ ಸಣ್ಣ ಎಂಜಿನ್ನಿನ, ಚೆನ್ನಾಗಿ ನೋಡಿಕೊಂಡಿರುವ ಹಳೆಯ ಸೆವೆನ್ನೊಂದನ್ನು ಆರಿಸಿರಿ, ಬೆಲೆ ಕೇಳುವ ಮುನ್ನ ಅದರ ಅಡಿಗೆ ಹೋಗಿ ಕೊಳವೆಗಳನ್ನೂ ರಿವೆಟ್ಟುಗಳನ್ನೂ ದೀಪ ಹಿಡಿದು ನೋಡಿರಿ, ಉಳಿದ ಹಣವನ್ನು ಒಳ್ಳೆಯ ಟೈರಿಗೂ, ಟ್ರ್ಯಾಕಿನಲ್ಲಿ ಪಕ್ಕದಲ್ಲಿ ಕುಳಿತು ಕಲಿಸುವ ಬೋಧಕನಿಗೂ ವಿನಿಯೋಗಿಸಿರಿ, ಸಾಧಾರಣ ವಿಮೆಯು ಟ್ರ್ಯಾಕಿನ ಅಪಘಾತವನ್ನು ಒಳಗೊಳ್ಳುವುದಿಲ್ಲವಾದುದರಿಂದ ಆ ದಿನಕ್ಕೆ ಬೇರೆ ವಿಮೆ ಮಾಡಿಸಿಕೊಂಡೇ ಹೊರಡಿರಿ.