ಮುಂದಿನ ವರ್ಷದ ಫೋಟೋ ಎಲ್ಲಿ?

ಹಳೆಯ ಪೈನ್ ಮರವನ್ನು ಬೋನ್ಸಾಯ್ ಮಾಡುವ ವಿಡಿಯೋಗಳು ಈಗ ಒಂದೇ ಅಚ್ಚಿನಲ್ಲಿ ಬರುತ್ತಿವೆ. ಮೊದಲು ತಲೆ ಕೆದರಿಕೊಂಡ ಒಂದು ಮುದಿ ಗಿಡ. ಹಿಂದೆ ಕೊಳಲು. ಆಮೇಲೆ ಕತ್ತರಿ ಆಡತೊಡಗುತ್ತದೆ, ಟೊಂಗೆಗಳಿಗೆ ತಾಮ್ರದ ತಂತಿ ಸುತ್ತಿಕೊಳ್ಳುತ್ತದೆ, ತೋಳಿನಷ್ಟು ದಪ್ಪದ ರೆಂಬೆಗೆ ಒದ್ದೆ ನಾರು ಬಿಗಿದು ಕೆಳಕ್ಕೆ ಬಗ್ಗಿಸುತ್ತಾರೆ. ಇಪ್ಪತ್ತು ನಿಮಿಷಕ್ಕೆ ಗಿಡ ಮದುಮಗನಂತೆ ತಯಾರು. ಕೊನೆಗೆ ಮೊದಲಿನ ಫೋಟೋ, ನಂತರದ ಫೋಟೋ ಅಕ್ಕಪಕ್ಕ. ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಇವನ್ನು ನೋಡೋರು ಬಹಳ ಜನ ಇದ್ದಾರೆ. ನೋಡಿದರೆ ಮನಸ್ಸು ಶಾಂತವಾಗುತ್ತದಂತೆ.

ನನಗೂ ಆಗುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ ಒಂದು ಕಲಾಕೃತಿಯೆಂದು ಅದನ್ನು ತೂಗಿ ನೋಡಬೇಕಾದರೆ ನನ್ನ ತಕರಾರು ಇದೆ. ಬೋನ್ಸಾಯ್ ಮಾಡುವವರು ಎರಡು ಶಬ್ದ ಬಳಸುತ್ತಾರೆ: ಸ್ಟೈಲಿಂಗ್ ಮತ್ತು ರಿಫೈನಿಂಗ್. ಮೊದಲನೆಯದು ಒಂದು ದಿನದ ಕೆಲಸ, ಜಾಸ್ತಿ ಅಂದರೆ ಒಂದು ವಾರ. ಮುಖ ಯಾವ ಕಡೆ, ಯಾವ ಟೊಂಗೆ ಇರಬೇಕು, ಯಾವುದು ಹೋಗಬೇಕು ಅನ್ನುವ ತೀರ್ಮಾನ. ಎರಡನೆಯದು ಹತ್ತು, ಇಪ್ಪತ್ತು, ಐವತ್ತು ವರ್ಷದ್ದು. ವಿಡಿಯೋಗಳು ಮೊದಲನೆಯದನ್ನು ತೋರಿಸಿ ಎರಡನೆಯದರ ಹೆಸರು ಹೇಳುತ್ತವೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಥಣಿ ಕಡೆಯ ನಮ್ಮ ಕಾಕಾಗೆ ಇಂಥದೊಂದು ವಿಡಿಯೋ ತೋರಿಸಿದೆ. ಅವರದು ದ್ರಾಕ್ಷಿ ತೋಟ. ಕೈಯಲ್ಲಿ ಕತ್ತರಿ ಹಿಡಿದು ಮೂವತ್ತು ವರ್ಷ ಆಯ್ತು. ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದರು. ಮುಗಿದ ಮೇಲೆ, "ಚಂದ ಮಾಡ್ಯಾನ. ಮುಂದಿನ ವರ್ಷದ ಫೋಟೋ ಎಲ್ಲೈತೋ ತಮ್ಮಾ?" ಅಂದರು. ಇಲ್ಲ ಕಾಕಾ, ಇಷ್ಟೇ ಅಂದೆ. "ಹಂಗಾರ ಒಮ್ಮೆಗೇ ಇಷ್ಟ್ ಕಡದ ಮ್ಯಾಗ ಗಿಡಾ ಬದಕ್ತೋ ಸತ್ತೋ ತೋರ್ಸಂಗೇ ಇಲ್ಲೇನು?" ಅಂತ ಫೋನ್ ವಾಪಸ್ ಕೊಟ್ಟರು.

ಬೋನ್ಸಾಯ್ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಲ್ಲಿ ಈ ಪ್ರಶ್ನೆ ಇಲ್ಲ. ಅದಕ್ಕೇ ಈ ಬರಹ.

ಕಾಕಾನ ಪ್ರಶ್ನೆ ಎಲ್ಲಿಂದ ಬಂತು ಅನ್ನೋದಕ್ಕೆ ನಮ್ಮ ಕಡೆಯ ದ್ರಾಕ್ಷಿಯ ಲೆಕ್ಕ ಸ್ವಲ್ಪ ಹೇಳಬೇಕು. ಅಥಣಿ, ಕಾಗವಾಡದ ತೋಟಗಳಲ್ಲಿ ವರ್ಷಕ್ಕೆ ಎರಡು ಚಾಟ್ನಿ. ಎಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಅಕ್ಟೋಬರ್ ಚಾಟ್ನಿ ಆದ ಮೇಲೆ ಗೊನೆ ಬರುತ್ತದೆ, ಫೆಬ್ರುವರಿ-ಮಾರ್ಚ್‌ಗೆ ಹಣ್ಣು. ಆಗ ಬೆಂಗಳೂರಿನಿಂದ ಬಂದ ನೆಂಟರೆಲ್ಲ ಚಪ್ಪರದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎಪ್ರಿಲ್ ಚಾಟ್ನಿ ಆದ ತೋಟದಲ್ಲಿ ಯಾರೂ ಫೋಟೋ ತೆಗೆಸಿಕೊಳ್ಳೋದಿಲ್ಲ. ಕಡ್ಡಿಗಳನ್ನು ಒಂದೊಂದೇ ಕಣ್ಣು ಉಳಿಸಿ ಕತ್ತರಿಸಿರುತ್ತಾರೆ. ನೋಡಿದರೆ ಬೆಂಕಿ ಬಿದ್ದು ಹೋದ ತೋಟದಂತೆ ಕಾಣುತ್ತದೆ. ಆದರೆ ಮುಂದಿನ ಹಣ್ಣು ನಿಶ್ಚಯವಾಗುವುದು ಅಲ್ಲೇ. ಎಪ್ರಿಲ್‌ನ ನಂತರ ಬಂದ ಹೊಸ ಕಡ್ಡಿಯ ಕಣ್ಣುಗಳಲ್ಲಿ, ಒಂದೂವರೆ-ಎರಡು ತಿಂಗಳೊಳಗೆ ಗೊನೆ ಕಟ್ಟಿಕೊಂಡಿರುತ್ತದೆ. ಹೊರಗೆ ಏನೂ ಕಾಣೋದಿಲ್ಲ. ಎಲೆ ದಟ್ಟವಾಗಿ ಆ ಕಣ್ಣಿಗೆ ಬಿಸಿಲು ಬೀಳದಿದ್ದರೆ ಕಣ್ಣು ಬಂಜೆ. ಆ ಮೇಲೆ ಅಕ್ಟೋಬರ್‌ನಲ್ಲಿ ಏನೇ ಮಾಡಿ, ಎಲೆಯೇ ಬರುತ್ತದೆ. ಅದಕ್ಕೇ ಈಗ ಕೆಲವರು ಅಕ್ಟೋಬರ್‌ಗೆ ಮುಂಚೆ ಕಡ್ಡಿಗಳನ್ನು ಲ್ಯಾಬಿಗೆ ಒಯ್ದು, ಕಣ್ಣು ಸೀಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿಸಿಕೊಂಡು ಬರುತ್ತಾರೆ.

ಪೈನ್ ಬೋನ್ಸಾಯ್‌ನ ರಿಫೈನಿಂಗ್ ಅಂದರೆ ಹೀಗೇ ಕಾಣದ ಕೆಲಸ. ಜಪಾನಿನ ಕಪ್ಪು ಪೈನ್ ತಗೊಳ್ಳಿ. ಎರಡೆರಡು ಸೂಜಿ ಎಲೆಗಳ ಜಾತಿ. ವಸಂತದಲ್ಲಿ ಇದರ ಚಿಗುರು ಮೇಣದಬತ್ತಿಯ ಹಾಗೆ ನೆಟ್ಟಗೆ ಏಳುತ್ತದೆ, ಕ್ಯಾಂಡಲ್ ಅಂತಲೇ ಕರೆಯುತ್ತಾರೆ. ಬೇಸಿಗೆ ಶುರುವಿನಲ್ಲಿ ಈ ಚಿಗುರನ್ನು ಬುಡಕ್ಕೇ ಕತ್ತರಿಸಿದರೆ ಅದೇ ವರ್ಷ ಎರಡನೇ ಚಿಗುರು ಬರುತ್ತದೆ. ಬೆಳೆಯಲು ದಿನ ಕಡಿಮೆ, ಹಾಗಾಗಿ ಸೂಜಿಗಳು ಗಿಡ್ಡ. ಗಿಡದ ಅಳತೆಗೆ ಎಲೆಯ ಅಳತೆ ಕೂಡಿಬರುವುದು ಹೀಗೆ. ಆದರೆ ಎಲ್ಲವನ್ನೂ ಒಂದೇ ದಿನ ಕತ್ತರಿಸುವ ಹಾಗಿಲ್ಲ. ಪೈನ್‌ನ ಜೋರೆಲ್ಲ ನೆತ್ತಿಯಲ್ಲಿ. ಕೆಳಗಿನ, ಒಳಗಿನ ರೆಂಬೆಗಳು ಬಡವಾಗುತ್ತ ಹೋಗುತ್ತವೆ. ಅದಕ್ಕೆ ಬಡ ಚಿಗುರನ್ನು ಮೊದಲು ಕತ್ತರಿಸಿ, ಹತ್ತು ದಿನ ಬಿಟ್ಟು ಜೋರಿನದನ್ನು ಕತ್ತರಿಸುತ್ತಾರೆ, ಬಡವನಿಗೆ ಹತ್ತು ದಿನ ಮುಂದಾಗಿ ಹೊರಡಲು ಬಿಟ್ಟ ಹಾಗೆ. ಹಳೆಯ ಸೂಜಿಗಳನ್ನು ಕೀಳುವಾಗಲೂ ಅಷ್ಟೇ, ನೆತ್ತಿಯಲ್ಲಿ ಹೆಚ್ಚು ಕಿತ್ತು ಕೆಳಗೆ ಹೆಚ್ಚು ಉಳಿಸುವುದು. ಇಡೀ ಗಿಡಕ್ಕೆ ಚಿಮಟ ಹಿಡಿದು ಸೂಜಿ ಲೆಕ್ಕ ಮಾಡುತ್ತ ಕೂತರೆ ದಿನಗಟ್ಟಲೆ ಬೇಕು. ಯಾರು ನೋಡ್ತಾರೆ ಇದರ ವಿಡಿಯೋ?

ನಿಪ್ಪಾಣಿ ಸುತ್ತಮುತ್ತ ತಂಬಾಕಿನ ಕುಡಿ ಚಿವುಟಿ, ಮತ್ತೆ ಮತ್ತೆ ಬರುವ ಕಂಕುಳ ಚಿಗುರು ಮುರಿದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಕುಡಿ ಮುರಿದರೆ ಗಿಡದ ಶಕ್ತಿ ಬೇರೆ ಕಡೆ ಹೋಗುತ್ತದೆ, ಎಲ್ಲಿಗೆ ಹೋಗಬೇಕು ಅನ್ನೋದನ್ನ ಬೆರಳು ತೀರ್ಮಾನಿಸುತ್ತದೆ.

ಆದರೆ ದ್ರಾಕ್ಷಿಯ ಕೈ ಪೈನ್‌ಗೆ ಹಾಗೇ ಆಗಿಬರೋದಿಲ್ಲ. ದ್ರಾಕ್ಷಿ ಬಳ್ಳಿಯ ಮುದಿ ಕಾಂಡದಲ್ಲೂ ಮಲಗಿದ ಕಣ್ಣುಗಳಿರುತ್ತವೆ. ಬುಡದ ಹತ್ತಿರ ಕಡಿದರೂ ಅಲ್ಲಿಂದ ಚಿಗುರು ತೆಗೆದು ಹೊಸ ಬಳ್ಳಿ ಕಟ್ಟಬಹುದು. ಚಿಕ್ಕೋಡಿ, ರಾಯಬಾಗದ ಕಬ್ಬು ಅದಕ್ಕಿಂತ ಉದಾರಿ, ಕಡಿದುಕೊಂಡು ಹೋದ ಬುಡವೇ ಕುಳೆ ಬೆಳೆಯಾಗಿ ಏಳುತ್ತದೆ. ಪೈನ್ ಹಾಗಲ್ಲ. ಸೂಜಿ ಉದುರಿ ಬೋಳಾದ ಹಳೆಯ ಕಟ್ಟಿಗೆಯಿಂದ ಅದು ಚಿಗುರುವುದು ತೀರಾ ಅಪರೂಪ. ತಪ್ಪು ಟೊಂಗೆ ಕಡಿದರೆ ಆ ಜಾಗ ಖಾಲಿಯೇ. ಮುದಿ ಪೈನ್‌ನ ಸ್ಟೈಲಿಂಗ್‌ಗೆ ಗುರುಗಳು ಅಷ್ಟು ಹೊತ್ತು ಸುಮ್ಮನೆ ಕೂತು ಗಿಡ ನೋಡುವುದು ಇದೇ ಕಾರಣಕ್ಕೆ. ವಿಡಿಯೋದಲ್ಲಿ ಮೊದಲು ಕತ್ತರಿಸಿ ಹಾಕುವುದೂ ಆ ಭಾಗವನ್ನೇ!

ಇನ್ನು ಜಾತಿ ನೋಡದೆ ನಕಲು ಮಾಡುವವರ ಕಥೆ ಬೇರೆ. ಬಿಳಿ ಪೈನ್, ಐದೈದು ಸೂಜಿಯದು, ವರ್ಷಕ್ಕೆ ಒಂದೇ ಸಲ ಚಿಗುರುತ್ತದೆ. ಕಪ್ಪು ಪೈನ್ ವಿಡಿಯೋ ನೋಡಿ ಇದರ ಕ್ಯಾಂಡಲ್ ಪೂರ್ತಿ ಕತ್ತರಿಸಿದರೆ ಆ ವರ್ಷ ಎರಡನೇ ಚಿಗುರು ಬರೋದೇ ಇಲ್ಲ. ಇದನ್ನು ಬೆರಳಿನಲ್ಲಿ ಒಂದಿಷ್ಟು ಚಿವುಟಬೇಕು, ಅಷ್ಟೇ.

ಬಿಳಿ ಪೈನ್ ಅಂದ ಮೇಲೆ ವಾಷಿಂಗ್ಟನ್‌ನಲ್ಲಿರುವ ಯಾಮಾಕಿ ಪೈನ್ ಬಗ್ಗೆ ಹೇಳಲೇಬೇಕು. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದಾಗ ಜಪಾನ್ ಕೊಟ್ಟ 53 ಬೋನ್ಸಾಯ್‌ಗಳಲ್ಲಿ ಇದೂ ಒಂದು. ಕೊಟ್ಟವರು ಹಿರೋಶಿಮಾದ ಮಸಾರು ಯಾಮಾಕಿ. 1625ರಿಂದ ಕುಂಡದಲ್ಲಿ ಪಳಗಿದ ಗಿಡ ಎನ್ನುವುದು ಅದರ ದಾಖಲೆ. 2001ರಲ್ಲಿ ಯಾಮಾಕಿಯವರ ಇಬ್ಬರು ಮೊಮ್ಮಕ್ಕಳು ನೋಡಲು ಬಂದಾಗಲೇ ಅಲ್ಲಿನವರಿಗೆ ಮಿಕ್ಕ ಕಥೆ ಗೊತ್ತಾದದ್ದು. 1945ರ ಆಗಸ್ಟ್ 6ರಂದು ಬಾಂಬ್ ಬಿದ್ದ ಜಾಗದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ಮನೆಯ ನರ್ಸರಿಯ ಗೋಡೆಯ ಮರೆಯಲ್ಲಿದ್ದ ಈ ಗಿಡ ಉಳಿದುಕೊಂಡಿತ್ತು. ಈಗ ಈ ಗಿಡದ ಬಗ್ಗೆ ಬರೆಯುವವರೆಲ್ಲ ಬಾಂಬಿನಿಂದಲೇ ಶುರುಮಾಡುತ್ತಾರೆ. ಸಹಜ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಗಸ್ಟ್ 7. ಊರು ಸುಟ್ಟುಹೋಗಿದೆ, ಬೇಸಿಗೆ, ಕುಂಡದ ಮಣ್ಣು ಒಣಗುತ್ತದೆ. ಯಾರೋ ನೀರು ಹಾಕಿದ್ದಾರೆ. ಮುಂದಿನ ವಸಂತದಲ್ಲಿ ಯಾರೋ ಚಿಗುರು ಚಿವುಟಿದ್ದಾರೆ. ಕೊಟ್ಟಾಗ ಬಾಂಬಿನ ಮಾತನ್ನೇ ಎತ್ತಲಿಲ್ಲ.

ನಾನು ಆ ಗಿಡವನ್ನು ಫೋಟೋಗಳಲ್ಲಷ್ಟೇ ನೋಡಿದ್ದೇನೆ. ದಪ್ಪ, ಕುಳ್ಳ ಕಾಂಡ. ಮೇಲೆ ಅಗಲವಾದ ಹಸಿರು. ಹಠಾತ್ತನೆ ಕಣ್ಣು ಕುಕ್ಕುವ ತಿರುವು, ಕೊರೆತ ಏನೂ ಇಲ್ಲ. ಈಗಿನ ವಿಡಿಯೋದವರ ಕೈಗೆ ಸಿಕ್ಕಿದ್ದರೆ ಅರ್ಧ ತಲೆ ಬೋಳಿಸಿ 'ನಾಟಕೀಯ' ಮಾಡುತ್ತಿದ್ದರೋ ಏನೋ. ನನಗೆ ಅದು ಬಹಳ ಒಳ್ಳೆಯ ಕೃತಿ ಅನ್ನಿಸುತ್ತದೆ, ಯಾರ ಸಹಿಯೂ ಅದರ ಮೇಲೆ ಕಾಣುವುದಿಲ್ಲ ಎನ್ನುವ ಕಾರಣಕ್ಕೆ. ಕುಟುಂಬದ ತಲೆಮಾರುಗಳು, ಆಮೇಲೆ ಸಂಬಳಕ್ಕಿದ್ದ ಸರ್ಕಾರಿ ತೋಟಗಾರರು, ಇಷ್ಟು ಕೈ ಬಿದ್ದರೂ ಯಾರೂ ತಮ್ಮ ಐಡಿಯಾ ತುರುಕಲು ಹೋಗಿಲ್ಲ. ಹಳೆಯ ಕೋಡ್ ಕೈಗೆ ಬಂದ ಮೊದಲ ವಾರವೇ ಎಲ್ಲಾ ಹೊಸದಾಗಿ ಬರೀತೀನಿ ಅನ್ನುವವರ ನಡುವೆ ಕೆಲಸ ಮಾಡುವ ನನಗೆ ಇದು ಸಣ್ಣ ವಿಷಯ ಅಲ್ಲ.

ಎದುರು ವಾದವೂ ಇದೆ. ಮಸಾಹಿಕೋ ಕಿಮುರಾ. 1940ರಲ್ಲಿ ಹುಟ್ಟಿದವರು, ಬೋನ್ಸಾಯ್ ಲೋಕದ ಜಾದೂಗಾರ ಎಂದೇ ಹೆಸರು. ಕರೆಂಟಿನ ಯಂತ್ರ ಹಿಡಿದು ಸತ್ತ ಕಟ್ಟಿಗೆ ಕೊರೆದು, ಗಿಡಗಳನ್ನು ಗುರುತೇ ಸಿಗದಷ್ಟು ಬದಲಿಸಿ, ಹಳೇ ಸಂಪ್ರದಾಯದವರಿಂದ ಬೈಸಿಕೊಂಡವರು. ಸ್ಟೈಲಿಂಗನ್ನು ವೇದಿಕೆಯ ಮೇಲಿನ ಆಟ ಮಾಡಿದ್ದರಲ್ಲಿ ಅವರ ಪಾಲು ದೊಡ್ಡದು. ಅವರ ಜುನಿಪರ್‌ಗಳು ಬಿಳಿ ಬೆಂಕಿ ಸುತ್ತಿಕೊಂಡಂತೆ ಕಾಣುತ್ತವೆ, ಬೆರಗಾಗದೆ ಇರಲು ಸಾಧ್ಯವಿಲ್ಲ. ಆದರೆ ಅವರು ಹುಡುಗನಾಗಿದ್ದಾಗಲೇ ಓಮಿಯಾದ ನರ್ಸರಿಯೊಂದಕ್ಕೆ ಸೇರಿ ಹನ್ನೊಂದು ವರ್ಷ ಶಿಷ್ಯವೃತ್ತಿ ಮಾಡಿದವರು. ಯಂತ್ರ ಹಿಡಿಯುವ ಮೊದಲು ಆ ಕೈ ಎಷ್ಟು ನೀರು ಹೊತ್ತಿರಬೇಕು, ಎಷ್ಟು ಸೂಜಿ ಕಿತ್ತಿರಬೇಕು. ನೋಡುವವರು ಯಂತ್ರ ಕಲಿತರು, ಹನ್ನೊಂದು ವರ್ಷ ಬಿಟ್ಟರು. ಕಿಮುರಾ ಮೇಲೆ ನನ್ನ ಸಿಟ್ಟಿಲ್ಲ. ಆದರೂ ಅವರ ಗಿಡಗಳ ಮುಂದೆ ನನಗೆ ಅವರೇ ಕಾಣುತ್ತಾರೆ, ಗಿಡ ಆಮೇಲೆ. ಯಾಮಾಕಿ ಪೈನ್ ಮುಂದೆ ಹೀಗಾಗುವುದಿಲ್ಲ.

ಈಗ ನಮ್ಮ ಊರಿನ ಮಾತು. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟದಲ್ಲಿ ನೂರಾರು ಗಿಡ ಇವೆ, ನಿಧಾನವಾಗಿ ನೋಡಲು ಒಳ್ಳೆಯ ಜಾಗ. ಬೆಂಗಳೂರಿನವರಿಗೆ ಲಾಲ್‌ಬಾಗ್ ಇದೆ, ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನ ಇದೆ. ನಮ್ಮ ಪ್ರದರ್ಶನಗಳಲ್ಲಿ ನನಗೆ ಬೇಸರ ತರಿಸುವುದು ಎರಡು. ಒಂದು, ಕುಂಡದ ಮುಂದಿನ ಚೀಟಿ. ಗಿಡದ ಹೆಸರು, ವಯಸ್ಸು, ಮುಗೀತು. ಜನರೂ ವಯಸ್ಸು ಓದಿ "ಅಬ್ಬಾ" ಅಂದು ಮುಂದೆ ಹೋಗುತ್ತಾರೆ. ಎಷ್ಟು ವರ್ಷದಿಂದ ಕುಂಡದಲ್ಲಿದೆ, ಐದು ವರ್ಷದ ಹಿಂದೆ ಹೇಗಿತ್ತು, ಅದರ ಪಕ್ಕದಲ್ಲಿ ಒಂದು ಹಳೇ ಫೋಟೋ ಅಂಟಿಸಿದರೆ ಎಷ್ಟು ಕಲಿಯಬಹುದು. ಎರಡನೆಯದು, ಎಲ್ಲವೂ ಪೈನ್ ಆಗಲು ಹೊರಟಿರುವುದು. ಅತ್ತಿ-ಆಲದ ಜಾತಿಯ ಗಿಡವನ್ನು ತಂತಿ ಸುತ್ತಿ, ಮೆಟ್ಟಿಲು ಮೆಟ್ಟಿಲಾಗಿ ಹಸಿರು ಮೋಡ ಮಾಡಿ, ಜಪಾನಿನ ಬೆಟ್ಟದ ಪೈನ್ ಹಾಗೆ ನಿಲ್ಲಿಸುತ್ತಾರೆ. ಆಲ ಹಾಗೆ ಬೆಳೆಯುವುದನ್ನು ಯಾರಾದರೂ ನೋಡಿದ್ದೀರಾ? ಅಗಲಕ್ಕೆ ಹರಡಿ, ಬಿಳಲು ಬಿಟ್ಟು, ನೆರಳಿನಲ್ಲಿ ಒಂದು ಸಂತೆ ಕೂರಿಸಿಕೊಳ್ಳುವ ಗಿಡ ಅದು. (ನಮ್ಮ ಕಡೆ ಎಷ್ಟು ದೊಡ್ಡ ಮರಕ್ಕೂ ಗಿಡ ಅಂತಲೇ ಅನ್ನೋದು. ಹಾಗಾಗಿ ಬೋನ್ಸಾಯ್ ಮರವೋ ಗಿಡವೋ ಅನ್ನುವ ಚರ್ಚೆಯಲ್ಲಿ ನನಗೆ ಪಾಲಿಲ್ಲ.) ರಾಯಬಾಗದ ಕಡೆ ಮಡ್ಡಿಯ ಮೇಲೆ ಹೋಗಿ ನೋಡಿ. ಆಡುಗಳು ವರ್ಷ ವರ್ಷ ಮೇಯ್ದು ಮೇಯ್ದು ಮೊಣಕಾಲೆತ್ತರಕ್ಕೇ ನಿಂತ ಬಾರಿಗಿಡಗಳಿವೆ. ಬುಡ ಮಾತ್ರ ತೊಡೆಯಷ್ಟು ದಪ್ಪ, ತೊಗಟೆಯಲ್ಲಿ ಬಿರುಕು. ಕಲ್ಲು, ಬರ, ಆಡಿನ ಹಲ್ಲು ಸೇರಿ ಮಾಡಿದ ಸ್ಟೈಲಿಂಗ್. ನಮ್ಮ ನೆಲದ ಮುದಿತನ ಹೇಗಿರುತ್ತದೆ ಅನ್ನೋದಕ್ಕೆ ಮಾದರಿ ಅಲ್ಲಿದೆ.

ಕನ್ನಡದಲ್ಲಿ ಬೋನ್ಸಾಯ್ ಅನ್ನೋದು ಬೈಗುಳವೂ ಹೌದು. ಬೆಳೆಯಗೊಡದ ಮನಸ್ಸು, ಕತ್ತರಿಸಿ ಕುಳ್ಳ ಮಾಡಿದ ಹೆಣ್ಣಿನ ಬದುಕು, ಇಂಥ ಮಾತಿಗೆಲ್ಲ ಕುಂಡದ ಗಿಡವನ್ನು ಎಳೆದು ತರುತ್ತೇವೆ. ದುಃಖ ನಿಜ, ಹೋಲಿಕೆ ಮಾತ್ರ ಕುಂಡದ ಹತ್ತಿರ ಹೋಗದೆ ಕಟ್ಟಿದ್ದು. ಬೇರು ಕತ್ತರಿಸುವುದು ಹೊಸ ಎಳೆ ಬೇರು ಬರಲೆಂದು. ಕತ್ತರಿಸದೆ ಬಿಟ್ಟರೆ ಕುಂಡದೊಳಗೆ ಸುತ್ತಿ ಸುತ್ತಿ ಬೇರು ಉಸಿರುಗಟ್ಟುತ್ತದೆ. ವರ್ಷಕ್ಕೆರಡು ಸಲ ಇಡೀ ತೋಟ ಬೋಳಿಸುವ ಕಾಕಾನನ್ನು ಯಾರೂ ಕ್ರೂರಿ ಅನ್ನೋದಿಲ್ಲ. ಹೌದು, ಅವರ ಕತ್ತರಿ ಹೊಟ್ಟೆಪಾಡಿನದು, ಬೋನ್ಸಾಯ್‌ನದು ಕಣ್ಣಿನ ಖುಷಿಯದು, ಆ ವ್ಯತ್ಯಾಸ ನಾನು ಮುಚ್ಚಿಡೋದಿಲ್ಲ. ನನ್ನ ಪ್ರಕಾರ ಕ್ರೌರ್ಯ ಇರುವುದು ಸ್ಟೈಲಿಂಗ್ ಮಾಡಿ ಮರೆತುಬಿಡುವುದರಲ್ಲಿ. ತಂತಿ ಬಿಚ್ಚಲು ಯಾರೂ ಬರದೆ, ಟೊಂಗೆ ದಪ್ಪಗಾಗಿ ತಂತಿ ತೊಗಟೆಯೊಳಗೆ ಹೂತುಹೋದ ಗಿಡಗಳನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ನೋಡಿದ್ದೇನೆ.

ಇಷ್ಟಾದರೂ ಪೈನ್ ಬೇಕೇ ಬೇಕು ಅನ್ನುವ ಗೆಳೆಯರಿಗೆ: ಕಪ್ಪು ಪೈನ್‌ಗೆ ಚಳಿಗಾಲದ ನಿದ್ದೆ ಬೇಕು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು, ಚಿಕ್ಕೋಡಿಯದಂತೂ ದೂರದ ಮಾತು. ಹಿಮಾಲಯದ ಚೀಡ್ ಪೈನ್‌ನ ಸೂಜಿ ಒಂದು ಗೇಣಿಗಿಂತ ಉದ್ದ, ಸಣ್ಣ ಕುಂಡಕ್ಕೆ ಹೊಂದೋದಿಲ್ಲ. ಗಾಳಿಮರ ತಗೊಳ್ಳಿ, ಸರ್ವೆ ಅಂತಾರಲ್ಲ ಅದು. ನಮ್ಮ ಬಿಸಿಲು ತಡೆಯುತ್ತದೆ. ಅದರ ಸೂಜಿ ನಿಜವಾಗಿ ಎಲೆಯೇ ಅಲ್ಲ, ಗಂಟು ಗಂಟಾದ ಎಳೆ ಕಡ್ಡಿ. ಎಲೆಗಳು ಆ ಗಂಟುಗಳಲ್ಲಿ ಕಂಡೂ ಕಾಣದ ಹಲ್ಲಿನ ಹಾಗೆ ಕೂತಿರುತ್ತವೆ. ಒಳಗಿನ ಕಡ್ಡಿಗಳಿಗೆ ಬಿಸಿಲು ಬೀಳೋ ಹಾಗೆ ನೋಡಿಕೊಳ್ಳಿ. ತಂತಿ ಸುತ್ತಿದ ತಾರೀಖನ್ನು ಕುಂಡದ ತಳಕ್ಕೆ ಬರೆದಿಡಿ, ತಿಂಗಳಿಗೊಮ್ಮೆ ಎತ್ತಿ ನೋಡಿ. ಮೊದಲ ಫೋಟೋ ಬೇಕಾದರೆ ಇವತ್ತೇ ಹಾಕಿ. ಎರಡನೆಯದನ್ನು ಮುಂದಿನ ವರ್ಷ ಇದೇ ದಿನ ಕಳಿಸಿ, ಕಾಕಾಗೆ ತೋರಿಸ್ತೀನಿ.